ಉಬುಂಟು ಅಡ್ಮಿನ್ ಪಾಸ್‌ವರ್ಡ್ ಮರೆತಾಗ

ಮರೆತ ಪಾಸ್‌ವರ್ಡನ್ನು ಹುಡುಕಿ ತೆಗೆಯಲು ಆಗುವುದಿಲ್ಲ. ಹೊಸದು ಹಾಕಬಹುದು, ಅಷ್ಟೇ. ಉಬುಂಟುವಿನ ಬುಡದಲ್ಲಿರುವ ಲಿನಕ್ಸ್ ಅದನ್ನು ಇದ್ದ ಹಾಗೇ ಎಲ್ಲೂ ಬರೆದಿಡುವುದಿಲ್ಲ. ಶ್ಯಾಡೋ ಎಂಬ ಫೈಲಿನಲ್ಲಿ ಅದರ ಹ್ಯಾಶ್, ಅಂದರೆ ಅದನ್ನು ಅರೆದು ಮಾಡಿದ ಅಕ್ಷರಸಾಲು, ಮಾತ್ರ ಇರುತ್ತದೆ. ರಾಗಿ ಹಿಟ್ಟಿನಿಂದ ಮತ್ತೆ ಕಾಳು ಮಾಡಲು ಆಗುತ್ತದಾ? ಇದೂ ಹಾಗೇ.

ಕೈ ಹಾಕುವ ಮುಂಚೆ ಕ್ಯಾಪ್ಸ್ ಲಾಕ್ ನೋಡಿ. ಲಾಗಿನ್ ಪರದೆಯ ಮೂಲೆಯಲ್ಲಿ ಕೀಬೋರ್ಡ್ ಕನ್ನಡಕ್ಕೆ ತಿರುಗಿದೆಯಾ ಅಂತಲೂ ನೋಡಿ. ಚುಕ್ಕಿಗಳಷ್ಟೇ ಕಾಣುವುದರಿಂದ ಗೊತ್ತಾಗುವುದೇ ಇಲ್ಲ. ನಾನು ಒಮ್ಮೆ ಅರ್ಧ ದಿನ ಸುಮ್ನೆ ಕಳೆದಿದ್ದೇನೆ.

ಉಬುಂಟುವಿನಲ್ಲಿ ರೂಟ್ ಎಂಬ ಪೂರ್ಣ ಅಧಿಕಾರದ ಖಾತೆ ಮೊದಲಿನಿಂದಲೇ ಲಾಕ್ ಆಗಿರುತ್ತದೆ. ಇನ್‌ಸ್ಟಾಲ್ ಮಾಡುವಾಗ ನಾವು ತೆರೆದ ಖಾತೆಯೇ ಸುಡೋ ಎಂಬ ಕಮಾಂಡ್ ಹಿಡಿದು ಅಡ್ಮಿನ್ ಕೆಲಸ ಮಾಡುವುದು. ಬದಲಾಯಿಸಬೇಕಾದ್ದು ಅದರ ಪಾಸ್‌ವರ್ಡ್.

ರೀಸ್ಟಾರ್ಟ್ ಮಾಡಿ. ಯುಇಎಫ್‌ಐ (ಯಂತ್ರವನ್ನು ಶುರು ಮಾಡುವ ಹೊಸ ಬಗೆಯ ತಂತ್ರಾಂಶ) ಇರುವ ಯಂತ್ರವಾದರೆ ಎಸ್ಕೇಪ್ ಒತ್ತಿ, ಹಳೇ ಬಯೋಸ್ ಆದರೆ ಶಿಫ್ಟ್ ಹಿಡಿದುಕೊಂಡಿರಿ. ಯಾವುದನ್ನು ಶುರು ಮಾಡಬೇಕು ಎಂದು ಕೇಳುವ ಗ್ರಬ್ ಮೆನು ಬರುತ್ತದೆ. ಎಸ್ಕೇಪ್ ಜಾಸ್ತಿ ಸಲ ಒತ್ತಿದರೆ ಮೆನು ದಾಟಿ ಕಮಾಂಡ್ ಸಾಲಿಗೆ ಬಿದ್ದಿರುತ್ತೀರಿ. ಹಾಗಾದರೆ ರೀಬೂಟ್ ಎಂದು ಟೈಪ್ ಮಾಡಿ ಮೊದಲಿಂದ ಶುರು ಮಾಡಿ. ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಶನ್ಸ್, ಅದರೊಳಗೆ ರಿಕವರಿ ಮೋಡ್, ಆಮೇಲೆ ರೂಟ್ ಆಯ್ದುಕೊಳ್ಳಿ.

ಈಗ ಕಮಾಂಡ್. ಪಾಸ್‌ವರ್ಡ್ ಎಂಬ ಇಂಗ್ಲಿಷ್ ಪದದಿಂದ 'ಓ', 'ಆರ್' ತೆಗೆದು ಬರೆಯಿರಿ, ಜಾಗ ಬಿಟ್ಟು ನಿಮ್ಮ ಖಾತೆಯ ಹೆಸರು ಹಾಕಿ. ಹೊಸ ಪಾಸ್‌ವರ್ಡ್ ಎರಡು ಸಲ ಕೇಳುತ್ತದೆ. ಒತ್ತುವಾಗ ಪರದೆಯಲ್ಲಿ ಏನೂ ಮೂಡುವುದಿಲ್ಲ, ಒಂದು ಚುಕ್ಕಿಯೂ ಇಲ್ಲ. ಕೀಬೋರ್ಡ್ ಕೆಟ್ಟಿಲ್ಲ, ಒತ್ತುತ್ತಾ ಹೋಗಿ.

'ಅಥೆಂಟಿಕೇಶನ್ ಟೋಕನ್ ಮ್ಯಾನಿಪ್ಯುಲೇಶನ್ ಎರರ್' ಬಂದರೆ ಹೆದರಬೇಡಿ. ಡಿಸ್ಕ್ ಓದಲು ಮಾತ್ರ ತೆರೆದಿದೆ, ಬರೆಯಲು ಬಿಡುತ್ತಿಲ್ಲ ಅಂತ ಅರ್ಥ. ಮೌಂಟ್ ಕಮಾಂಡಿಗೆ ಮೈನಸ್ ಓ, ಜಾಗ ಬಿಟ್ಟು ರಿಮೌಂಟ್, ಕಾಮಾ, ಆರ್‌ಡಬ್ಲ್ಯೂ, ಮತ್ತೆ ಜಾಗ ಬಿಟ್ಟು ಒಂದು ಸ್ಲ್ಯಾಶ್ ಕೊಡಿ. ನಂತರ ಹಿಂದಿನ ಕಮಾಂಡನ್ನೇ ಮತ್ತೆ ಹೊಡೆಯಿರಿ.

ಮತ್ತೆ ರೀಸ್ಟಾರ್ಟ್ ಮಾಡಿ ಹೊಸ ಪಾಸ್‌ವರ್ಡಿನಿಂದ ಲಾಗಿನ್ ಆದ ಮೇಲೂ ಕೀರಿಂಗ್, ಅಂದರೆ ಉಳಿಸಿಟ್ಟ ಪಾಸ್‌ವರ್ಡ್‌ಗಳ ಪೆಟ್ಟಿಗೆ, ಹಳೇ ಪಾಸ್‌ವರ್ಡನ್ನೇ ಕೇಳುತ್ತದೆ. ಅದಕ್ಕೆ ಬೀಗ ಹಾಕಿರುವುದೇ ಹಳೆಯದರಿಂದ ಅಲ್ವಾ? ಆ ಕೀರಿಂಗ್ ಅಳಿಸಿ ಹೊಸದು ಮಾಡಿಕೊಳ್ಳಬೇಕು. ಅದರಲ್ಲಿ ಉಳಿಸಿಟ್ಟ ವೈಫೈ, ಬ್ರೌಸರ್ ಗುಟ್ಟುಗಳು ಹೋದ ಹಾಗೇ.

ಇಷ್ಟೂ ನಡೆಯುವುದು ಡಿಸ್ಕಿಗೆ ಲಕ್ಸ್ ಎನ್‌ಕ್ರಿಪ್ಶನ್ (ಡಿಸ್ಕಿನಲ್ಲಿರುವುದನ್ನು ಓದಲಾಗದಂತೆ ಮಾಡುವ ಬೀಗ) ಇಲ್ಲದಿದ್ದರೆ. ಇದ್ದರೆ ರಿಕವರಿ ಮೋಡ್ ಕೂಡ ಮೊದಲು ಆ ಡಿಸ್ಕಿನ ಪಾಸ್‌ಫ್ರೇಸ್ ಕೇಳುತ್ತದೆ. ಅದೂ ಮರೆತಿದ್ದರೆ ಉಳಿಯುವುದು ಬ್ಯಾಕಪ್ ಮಾತ್ರ.