‘ಸಿಂಕ್’ ಅಂದರೆ ಒಟ್ಟಿಗೆ ಕಾಣೋದಲ್ಲ

ಕಳೆದ ವಾರ ಮತ್ತೆ ಅದೇ ಆಯಿತು. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಮೂರು ಅಕೌಂಟ್‌ಗಳ ಟಾಸ್ಕ್‌ಗಳನ್ನು ಒಂದೇ ಪಟ್ಟಿಗೆ ತಂದುಕೊಂಡಿದ್ದರು. ಎರಡು ಅಕೌಂಟ್ ಕ್ಲೈಂಟ್‌ಗಳದ್ದು, ಒಂದು ನಮ್ಮದೇ. ‘ಎಲ್ಲಾ ಸಿಂಕ್ ಮಾಡಿಬಿಟ್ಟಿದ್ದೀನಿ, ಇನ್ಮೇಲೆ ಒಂದೇ ಕಡೆ ನೋಡಿದ್ರೆ ಸಾಕು’ ಅಂದರು. ಕೆಲಸ ಮುಗಿದ ಹಾಗೆಲ್ಲಾ ಆ ಪಟ್ಟಿಯಲ್ಲೇ ಟಿಕ್ ಹಾಕುತ್ತಾ ಹೋದರು. ಐದು ದಿನ ಕಳೆದ ಮೇಲೆ ಕ್ಲೈಂಟ್ ಕಡೆಯಿಂದ ಮೆಸೇಜ್ ಬಂತು: ಹನ್ನೊಂದು ಟಾಸ್ಕ್ ಇನ್ನೂ ಹಾಗೇ ಇವೆಯಲ್ಲ, ಯಾವಾಗ ಶುರು ಮಾಡ್ತೀರಿ? ಕೆಲಸವೆಲ್ಲ ಮುಗಿದಿತ್ತು. ಟಿಕ್‌ಗಳು ಮಾತ್ರ ಇವರ ಪಟ್ಟಿ ಬಿಟ್ಟು ಆಚೆ ಹೋಗಿರಲಿಲ್ಲ.

ಇದು ಅವರ ತಪ್ಪು ಅಂತ ನಾನು ಹೇಳಲ್ಲ. ಆ ಆ್ಯಪ್‌ನ ಬಟನ್ ಮೇಲೆ ‘ಸಿಂಕ್’ ಅಂತಲೇ ಬರೆದಿತ್ತು. ಆದರೆ ಅದು ಮಾಡುತ್ತಿದ್ದದ್ದು ಅಲ್ಲಿಂದ ಓದಿ ಇಲ್ಲಿ ತೋರಿಸುವ ಕೆಲಸ, ಅಷ್ಟೇ.

ಈ ಪದದ ಬೇರು ಗ್ರೀಕ್ ಭಾಷೆಯಲ್ಲಿದೆ. ‘ಸಿನ್’ ಅಂದರೆ ಕೂಡಿ, ಜೊತೆಯಾಗಿ. ‘ಕ್ರೋನೋಸ್’ ಅಂದರೆ ಕಾಲ. ಎರಡೂ ಸೇರಿ ‘ಸಿಂಕ್ರೊನೈಸ್’ ಆಯಿತು, ಅದು ಮೊಟಕಾಗಿ ‘ಸಿಂಕ್’. ಮೊಟಕು ಮಾಡುವಾಗ ಏನಾಯಿತು ನೋಡಿ. ‘ಸಿನ್’ ಪೂರ್ತಿ ಉಳಿಯಿತು. ‘ಕ್ರೋನೋಸ್’ನಿಂದ ಉಳಿದದ್ದು ಕೊನೆಯ ಆ ‘ಕ್’ ಒಂದೇ. ಕೂಡುವುದು ಕಣ್ಣಿಗೆ ಕಾಣುತ್ತದೆ, ಕಾಲ ಕಾಣುವುದಿಲ್ಲ. ನಾಲ್ಕು ವಸ್ತು ತಂದು ಒಂದು ಕಡೆ ಇಟ್ಟರೆ ಅದಕ್ಕೂ ಸಿಂಕ್ ಅನ್ನುವ ಅಭ್ಯಾಸ ಇಲ್ಲಿಂದಲೇ ಬಂದಿರಬೇಕು ಅಂತ ನನ್ನ ಅನಿಸಿಕೆ.

ಸಿನಿಮಾದವರು ಮಾತ್ರ ಈ ಪದವನ್ನು ಇವತ್ತಿಗೂ ಸರಿಯಾಗಿ ಬಳಸುತ್ತಾರೆ. ತುಟಿ ಅಲ್ಲಾಡುವುದಕ್ಕೂ ಮಾತು ಕೇಳುವುದಕ್ಕೂ ಕಾಲ ಹೊಂದಬೇಕು, ಆಗ ಅದು ಸಿಂಕ್. ಚಿತ್ರ, ಧ್ವನಿ ಎರಡೂ ಒಂದೇ ಫೈಲ್‌ನಲ್ಲಿದ್ದ ಮಾತ್ರಕ್ಕೆ ಯಾರೂ ಸಿಂಕ್ ಅನ್ನಲ್ಲ. ಕಾಲು ಸೆಕೆಂಡ್ ಹಿಂದೆ ಬಿದ್ದರೂ ನೋಡುವವರಿಗೆ ಕಿರಿಕಿರಿ ಆಗುತ್ತದೆ, ಅಲ್ವಾ?

ಕನ್ನಡದಲ್ಲಿ ಇದಕ್ಕೆ ‘ಮೇಳೈಸು’ ಅನ್ನಬಹುದು ಅಂತ ಕೆಲವರು ಹೇಳುತ್ತಾರೆ. ಚೆಂದದ ಪದ. ಆದರೆ ಅದರಲ್ಲೂ ಅದೇ ಕೊರತೆ. ಮೇಳ ಅಂದರೆ ಕೂಡುವುದು, ಅಲ್ಲಿ ಕಾಲ ಇಲ್ಲ. ನಮ್ಮ ಹತ್ತಿರ ಅದಕ್ಕಿಂತ ಪೂರ್ತಿಯಾದ ಮಾತು ಮೊದಲಿಂದಲೂ ಇದೆ: ತಾಳಮೇಳ. ‘ಹೇಳೋದಕ್ಕೂ ಮಾಡೋದಕ್ಕೂ ತಾಳಮೇಳ ಇಲ್ಲ’ ಅಂತ ದಿನಾ ಹೇಳುತ್ತೇವೆ. ತಾಳ ಕಾಲದ ಲೆಕ್ಕ, ಮೇಳ ಕೂಡುವುದು. ಗ್ರೀಕರ ಎರಡೂ ತುಂಡುಗಳು ಈ ಒಂದು ಮಾತಿನಲ್ಲಿ ಕೂತಿವೆ. ಹಾಗಾಗಿ ಯಾರಾದರೂ ‘ಎರಡು ಅಕೌಂಟ್ ಸಿಂಕ್ ಆಗಿವೆ’ ಅಂದಾಗ ನಾನು ಮನಸ್ಸಿನಲ್ಲೇ ‘ತಾಳಮೇಳ ಇದೆಯಾ?’ ಅಂತ ಕೇಳಿಕೊಳ್ಳುತ್ತೇನೆ.

ಕಂಪ್ಯೂಟರ್ ಲೋಕದಲ್ಲಿ ಈ ಗೊಂದಲ ಹೊಸದೇನಲ್ಲ. 1996ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಾಸ್ ‘ಆರ್‌ಸಿಂಕ್’ ಅನ್ನುವ ಪ್ರೋಗ್ರಾಮ್ ಹೊರತಂದರು. ಬದಲಾದ ಭಾಗವನ್ನಷ್ಟೇ ಕಳಿಸುವ ಬಹಳ ಜಾಣ ಪ್ರೋಗ್ರಾಮ್ ಅದು, ಇವತ್ತಿಗೂ ಎಲ್ಲೆಲ್ಲೂ ಬಳಕೆಯಲ್ಲಿದೆ. ಆದರೆ ಅದರ ದಾರಿ ಒಂದೇ ದಿಕ್ಕಿನದು. ಇಲ್ಲಿಂದ ಅಲ್ಲಿಗೆ ನಕಲಾಗುತ್ತದೆ. ಅಲ್ಲಿ ಯಾರಾದರೂ ಅದೇ ಫೈಲ್ ತಿದ್ದಿದ್ದರೆ ಆ ತಿದ್ದುಪಡಿ ಅಳಿಸಿಹೋಗುತ್ತದೆ. ಅದೇ ವರ್ಷ ಪಾಮ್‌ನವರ ‘ಪೈಲಟ್’ ಅನ್ನುವ ಅಂಗೈಯಗಲದ ಕಂಪ್ಯೂಟರ್ ಮಾರುಕಟ್ಟೆಗೆ ಬಂತು. ಅದನ್ನು ಕೂರಿಸುವ ತೊಟ್ಟಿಲಿನ ಮೇಲೆ ‘ಹಾಟ್‌ಸಿಂಕ್’ ಬಟನ್ ಇತ್ತು. ಒತ್ತಿದರೆ ಕಂಪ್ಯೂಟರ್‌ನಲ್ಲಿ ಬರೆದದ್ದು ಪೈಲಟ್‌ಗೆ, ಪೈಲಟ್‌ನಲ್ಲಿ ಬರೆದದ್ದು ಕಂಪ್ಯೂಟರ್‌ಗೆ. ಒಂದೇ ವಿಳಾಸವನ್ನು ಎರಡೂ ಕಡೆ ಬೇರೆ ಬೇರೆಯಾಗಿ ತಿದ್ದಿದ್ದರೆ ಎರಡನ್ನೂ ಉಳಿಸಿ, ನೀವೇ ನೋಡಿ ಸರಿಮಾಡಿಕೊಳ್ಳಿ ಅಂತ ಬಿಡುತ್ತಿತ್ತು. ಒಂದೇ ವರ್ಷ ಬಂದವು, ಹೆಸರಿನಲ್ಲಿ ಒಂದೇ ಪದ, ಮಾಡುವ ಕೆಲಸ ಮಾತ್ರ ಬೇರೆ ಬೇರೆ.

ಈಗ ಟಾಸ್ಕ್ ಪಟ್ಟಿಗೆ ಬರೋಣ. ಹಲವು ಅಕೌಂಟ್‌ಗಳ ಟಾಸ್ಕ್ ಒಂದೇ ಪರದೆಯಲ್ಲಿ ಕಂಡರೆ ಅದನ್ನು ‘ಒಟ್ಟುನೋಟ’ ಅಂತ ಕರೆಯಿರಿ. ಅದು ಸಣ್ಣ ವಿಷಯವೇನಲ್ಲ, ನಾನೂ ದಿನಾ ಬೆಳಿಗ್ಗೆ ಒಂದನ್ನು ತೆರೆದೇ ಕೆಲಸ ಶುರು ಮಾಡುವುದು. ತಂಡದ ಕೆಲಸ ನೋಡಿಕೊಳ್ಳುವ ಆ್ಯಪ್ ಅಸಾನಾದಲ್ಲಿ ‘ಮೈ ಟಾಸ್ಕ್ಸ್’ (ನಮ್ಮ ಪಾಲಿನ ಟಾಸ್ಕ್‌ಗಳ ಪಟ್ಟಿ) ಒಂದೊಂದು ವರ್ಕ್‌ಸ್ಪೇಸ್‌ಗೂ, ಅಂದರೆ ಒಂದೊಂದು ತಂಡದ ಜಾಗಕ್ಕೂ, ಬೇರೆ ಬೇರೆ. ಎರಡು ವರ್ಕ್‌ಸ್ಪೇಸ್‌ನಲ್ಲಿದ್ದವರು ಎರಡು ಸಲ ನೋಡಲೇಬೇಕು. ಅಂಥ ಕಡೆ ಒಟ್ಟುನೋಟ ನಿಜವಾಗಿ ತಲೆನೋವು ಕಡಿಮೆ ಮಾಡುತ್ತದೆ. ಆದರೆ ಓದಲು ಮಾತ್ರ ಬರುವ ಒಟ್ಟುನೋಟ ಕನ್ನಡಿಯೊಳಗಿನ ಗಂಟು. ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಅದರ ಮೇಲೆ ಹಾಕಿದ ಟಿಕ್ ಕನ್ನಡಿಯ ಮೇಲಿನ ಗೆರೆ.

ಟಾಸ್ಕ್‌ಗಳನ್ನು ಸಿಎಸ್‌ವಿ ಫೈಲ್ ಆಗಿ, ಅಂದರೆ ಸಾದಾ ಪಟ್ಟಿಯ ಫೈಲ್ ಆಗಿ, ಇಳಿಸಿಕೊಂಡು ಇನ್ನೊಂದು ಕಡೆ ಏರಿಸುವುದು ಆಮದು. ಅದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಏರಿಸಿದ ಮರುಕ್ಷಣವೇ ಅದು ಹಳತು. ಕ್ಯಾಲೆಂಡರ್ ಲಿಂಕ್ ಅದಕ್ಕಿಂತ ಸ್ವಲ್ಪ ವಾಸಿ. ಐಕ್ಯಾಲೆಂಡರ್ ಅನ್ನುವ ಮಾದರಿ 1998ರಿಂದ ಇದೆ, 2009ರಲ್ಲಿ ಪರಿಷ್ಕಾರ ಆಯಿತು. ಟಾಸ್ಕ್‌ಗಳ ಗಡುವು ಆ ಲಿಂಕ್ ಮೂಲಕ ಕ್ಯಾಲೆಂಡರ್‌ಗೆ ಬರುತ್ತದೆ. ಆದರೆ ಕ್ಯಾಲೆಂಡರ್ ತನಗೆ ಬೇಕೆನಿಸಿದಾಗ ಹೋಗಿ ನೋಡಿಕೊಂಡು ಬರುತ್ತದೆ, ಒಮ್ಮೊಮ್ಮೆ ಎಷ್ಟೋ ಗಂಟೆ ತಡವಾಗಿ. ಅಲ್ಲಿ ಮೇಳ ಅರ್ಧ, ತಾಳ ಇಲ್ಲವೇ ಇಲ್ಲ. ಇದಕ್ಕೂ ಜನ ಸಿಂಕ್ ಅನ್ನುತ್ತಾರೆ.

ಹಾಗಾದರೆ ಎಷ್ಟೋ ಟೂಲ್ ಮಾಡುವವರು ಯಾಕೆ ಓದುವಷ್ಟಕ್ಕೇ ನಿಲ್ಲಿಸುತ್ತಾರೆ? ಇಲ್ಲಿ ಮಾಡಿದ ಬದಲಾವಣೆಯನ್ನು ಮೂಲ ಅಕೌಂಟ್‌ಗೆ ತಿರುಗಿ ಬರೆಯುವುದು ನಿಜಕ್ಕೂ ಕಷ್ಟ. ಅಸಾನಾದಲ್ಲಿ ಟಾಸ್ಕ್ ಮುಗಿದಿದೆ ಅಥವಾ ಇಲ್ಲ, ಎರಡೇ. ಅಂಥದ್ದೇ ಇನ್ನೊಂದು ಆ್ಯಪ್ ಟ್ರೆಲ್ಲೋದಲ್ಲಿ ಒಂದು ಟಾಸ್ಕ್ ಅಂದರೆ ಒಂದು ಕಾರ್ಡ್. ಸಾಮಾನ್ಯವಾಗಿ ಆ ಕಾರ್ಡ್ ಯಾವ ಲಿಸ್ಟ್‌ನಲ್ಲಿದೆ ಅನ್ನುವುದರಿಂದ ಕೆಲಸ ಎಲ್ಲಿಗೆ ಬಂತು ಅಂತ ತಿಳಿಯುತ್ತದೆ, ಆ ಲಿಸ್ಟ್‌ಗೆ ಯಾರು ಏನು ಹೆಸರನ್ನಾದರೂ ಇಡಬಹುದು. ಇದೇ ಜಾತಿಯ ಮತ್ತೊಂದು ಆ್ಯಪ್ ಜಿರಾದಲ್ಲಂತೂ ಸ್ಟೇಟಸ್ಸನ್ನು ಹೊರಗಿನಿಂದ ನೇರವಾಗಿ ಬರೆಯಲು ಬರುವುದಿಲ್ಲ. ‘ಟ್ರಾನ್ಸಿಷನ್’ ಅನ್ನುವ ಬಾಗಿಲಿನ ಮೂಲಕವೇ ಹೋಗಬೇಕು. ಅಡ್ಮಿನ್ ಆ ಬಾಗಿಲಿಗೆ ಒಂದು ಕಡ್ಡಾಯ ಕಾಲಂ ಇಟ್ಟಿದ್ದರೆ, ಅದನ್ನು ತುಂಬದ ಟಿಕ್ ಒಳಗೆ ಹೋಗಲ್ಲ. ಗಡುವಿನ ಕತೆಯೂ ಇದೇ. ಜಿರಾದ ಗಡುವಿನಲ್ಲಿ ತಾರೀಕು ಮಾತ್ರ ಇರುತ್ತದೆ, ಟ್ರೆಲ್ಲೋದ್ದರಲ್ಲಿ ಗಂಟೆಯೂ ಇರುತ್ತದೆ. ಇಲ್ಲದ ಗಂಟೆಗೆ ಮಧ್ಯರಾತ್ರಿ ಅಂತ ತುಂಬಿದರೆ, ಬೇರೆ ಟೈಮ್ ಝೋನ್‌ನಲ್ಲಿ ಕೂತವರಿಗೆ ಗಡುವು ಒಂದು ದಿನ ಮುಂಚೆ ಕಾಣಬಹುದು.

ಆದ್ದರಿಂದ ಸಿಂಕ್ ಅನ್ನುವ ಮೊದಲು ಒಂದು ಪ್ರಶ್ನೆ ಕೇಳಿ: ಒಂದೇ ಟಾಸ್ಕನ್ನು ಇಲ್ಲೂ ತಿದ್ದಿದೆ, ಅಲ್ಲೂ ತಿದ್ದಿದೆ, ಯಾರದ್ದು ಉಳಿಯುತ್ತದೆ? ಇದಕ್ಕೆ ಉತ್ತರ ಇರುವ ಟೂಲ್‌ಗೆ ಸಿಂಕ್ ಅನ್ನುವ ಹಕ್ಕಿದೆ. ಮೂಲದಲ್ಲಿ ಇದ್ದದ್ದೇ ಉಳಿಯುತ್ತದೆ, ನಿಮ್ಮದು ಲೆಕ್ಕಕ್ಕಿಲ್ಲ ಅಂತಾದರೆ ಅದು ಒಟ್ಟುನೋಟ.

ಟೂಲ್ ಕೊಟ್ಟವರು ಉತ್ತರ ಬರೆದಿಲ್ಲ ಅಂದರೆ ಅಕೌಂಟ್ ಜೋಡಿಸುವಾಗ ಬರುವ ಅನುಮತಿ ಪರದೆ ನೋಡಿ. ಎಲ್ಲರೂ ಸುಮ್ನೆ ‘ಅಲೋ’ (ಒಪ್ಪಿಗೆ) ಒತ್ತಿ ಮುಂದೆ ಹೋಗುವ ಪರದೆ ಅದು. ಜಿರಾದಲ್ಲಾಗಲಿ ಟ್ರೆಲ್ಲೋದಲ್ಲಾಗಲಿ ಓದುವ ಅನುಮತಿ ಬೇರೆ, ಬರೆಯುವ ಅನುಮತಿ ಬೇರೆ. ಓದುವುದನ್ನು ಮಾತ್ರ ಕೇಳಿದ್ದರೆ ನಿಮ್ಮ ಟಿಕ್ ಆಚೆ ಹೋಗುವ ದಾರಿಯೇ ಇಲ್ಲ.

ಆ ಹನ್ನೊಂದು ಟಾಸ್ಕ್‌ಗಳ ದಿನ ನಾವಿಬ್ಬರೂ ಕೂತು ಆ ಪರದೆಯನ್ನೇ ಮತ್ತೆ ತೆಗೆದು ನೋಡಿದೆವು. ಓದುವ ಅನುಮತಿ ಒಂದೇ ಇತ್ತು. ಅವರು ಪಟ್ಟಿಯ ಹೆಸರನ್ನು ‘ಒಟ್ಟುನೋಟ’ ಅಂತ ಬದಲಾಯಿಸಿದರು. ಆಮೇಲೆ ಒಂದೊಂದೇ ಟಾಸ್ಕ್‌ನ ಲಿಂಕ್ ಒತ್ತಿ, ಕ್ಲೈಂಟ್‌ನ ಅಕೌಂಟ್‌ಗೇ ಹೋಗಿ ಹನ್ನೊಂದಕ್ಕೂ ಅಲ್ಲೇ ಟಿಕ್ ಹಾಕಿದರು.