ಕೆಂಪು ನೆಲದ ಮನೆಗೆ ಬಣ್ಣ ಆರಿಸುವುದು: ಸಹಪಾಠಿಗಳಿಗೊಂದು ಟಿಪ್ಪಣಿ

ಬಣ್ಣದ ಚಕ್ರವನ್ನು ಬಾಯಿಪಾಠ ಮಾಡಿ ಮುಗಿಸಿದ ತಿಂಗಳಲ್ಲೇ ನಮ್ಮ ಮನೆಗೆ ಬಣ್ಣ ಹೊಡೆಸುವ ಮಾತು ಬಂತು. ಮೈಸೂರಿನ ಹಳೆಯ ಬಡಾವಣೆಯೊಂದರ ಮನೆ ನಮ್ಮದು. ಪಡಸಾಲೆ, ಅಜ್ಜಿಯ ಕೋಣೆ, ಅಪ್ಪ ಅಮ್ಮನ ಕೋಣೆ, ಅಡುಗೆಮನೆ, ಎಲ್ಲೆಡೆಯೂ ರೆಡ್ ಆಕ್ಸೈಡ್ ನೆಲ. ಒಳಾಂಗಣ ವಿನ್ಯಾಸದ ತರಗತಿಯಲ್ಲಿ ಓದಿದ್ದನ್ನು ನಿಜವಾದ ಗೋಡೆಯ ಮೇಲೆ ಹಚ್ಚಿ ನೋಡುವ ಅವಕಾಶ ಹೀಗೆ ತಾನಾಗಿ ಸಿಕ್ಕಿತು. ಓದಿದ್ದರಲ್ಲಿ ಯಾವುದು ಎಲ್ಲಿ ಕೈಹಿಡಿಯಿತು ಎಂಬುದನ್ನು ನಿಮಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಒಂದು ಬಣ್ಣಕ್ಕೆ ಮೂರು ಅಳತೆ

ಅಮೆರಿಕದ ಚಿತ್ರಕಾರ ಮತ್ತು ಶಿಕ್ಷಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಬಣ್ಣಗಳನ್ನು ಗುರುತಿಸುವ ಪದ್ಧತಿಯೊಂದನ್ನು ಪ್ರಕಟಿಸಿದ. ಅವನ ಪ್ರಕಾರ ಯಾವುದೇ ಬಣ್ಣವನ್ನು ಮೂರು ಪ್ರಶ್ನೆ ಕೇಳಿ ತಿಳಿಯಬಹುದು. ಅದು ಯಾವ ಬಣ್ಣದ ಕುಲಕ್ಕೆ ಸೇರಿದ್ದು, ಅಂದರೆ ಕೆಂಪೋ ಹಳದಿಯೋ ನೀಲಿಯೋ? ಎಷ್ಟು ತಿಳಿ, ಎಷ್ಟು ಕಡು? ಎಷ್ಟು ಢಾಳು, ಎಷ್ಟು ಮಂಕು?

ಮನೆಯಲ್ಲಿ ವಾದ ನಡೆಯುವುದೆಲ್ಲ ಮೊದಲ ಪ್ರಶ್ನೆಯ ಮೇಲೆ. ಅಪ್ಪನಿಗೆ ಹಸಿರು ಬೇಕಿತ್ತು, ಅಮ್ಮನಿಗೆ ಕೆನೆ ಬಣ್ಣ. ಆದರೆ ಕೋಣೆಯಲ್ಲಿ ಕೂತಾಗ ಮನಸ್ಸಿಗೆ ಹಿತವೆನಿಸುವುದೋ ದಣಿವೆನಿಸುವುದೋ ಹೆಚ್ಚಾಗಿ ಉಳಿದೆರಡು ಅಳತೆಗಳಿಂದ ತೀರ್ಮಾನವಾಗುತ್ತದೆ. ಗಿಳಿ ಹಸಿರಿಗೂ ಅರಿಶಿನಕ್ಕೂ ಅಜಗಜಾಂತರವಿದೆ. ಅದೇ ಹಸಿರನ್ನು, ಅದೇ ಹಳದಿಯನ್ನು ತೀರ ತಿಳಿ ಮಾಡಿ, ಢಾಳುತನ ತಗ್ಗಿಸಿದರೆ ಎರಡೂ ಅಕ್ಕಪಕ್ಕದ ಮನೆಯವರಂತೆ ಹೊಂದಿಕೊಳ್ಳುತ್ತವೆ. ಇದನ್ನು ಅಪ್ಪ ಅಮ್ಮನಿಗೆ ಶೇಡ್ ಕಾರ್ಡಿನ ಎರಡು ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ತೋರಿಸಿದೆ. ಕಾರ್ಡಿನ ಕೆಳತುದಿಯಲ್ಲಿ ದೂರ ದೂರ ನಿಂತ ಬಣ್ಣಗಳು ಮೇಲ್ತುದಿಗೆ ಬರುವಷ್ಟರಲ್ಲಿ ಹತ್ತಿರ ಬಂದಿದ್ದವು. ಅಲ್ಲಿಂದ ಮಾತುಕತೆ ಸುಲಭವಾಯಿತು.

ಕೆಲವು ಶೇಡ್ ಕಾರ್ಡ್‌ಗಳಲ್ಲಿ ಬಣ್ಣದ ಹೆಸರಿನ ಜೊತೆಗೆ ಎಲ್‌ಆರ್‌ವಿ ಎಂಬ ಸಂಖ್ಯೆ ಇರುತ್ತದೆ. ಗೋಡೆಗೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ಮರಳಿ ಕೋಣೆಗೆ ಬರುತ್ತದೆ ಎಂಬುದರ ಅಳತೆ ಅದು. 0 ಎಂದರೆ ಪೂರ್ತಿ ಕಪ್ಪು, 100 ಎಂದರೆ ಪೂರ್ತಿ ಬಿಳಿ. ಒಂದೇ ಕಿಟಕಿಯ ಕೋಣೆಗೆ 70ರ ಮೇಲಿನ ಬಣ್ಣ ಆರಿಸಿದರೆ ಹಗಲಿನಲ್ಲಿ ದೀಪ ಹಚ್ಚುವ ಪ್ರಮೇಯ ಕಡಿಮೆಯಾಗುತ್ತದೆ. 40ಕ್ಕೆ ಇಳಿದರೆ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ಗೋಡೆಯೇ ನುಂಗುತ್ತದೆ. ಹೆಸರು ಎಷ್ಟೇ ಚೆಂದವಿರಲಿ, ಮೊದಲು ಈ ಸಂಖ್ಯೆಯನ್ನು ನೋಡಿ ಎಂಬುದು ನನ್ನ ಸಲಹೆ.

ಅಪ್ಪನ ಪಂಚೆ ಕಲಿಸಿದ ಪಾಠ

ಪಡಸಾಲೆಗೆ ನಾನು ಆರಿಸಿದ್ದು ನೀಲಿ ಬೆರೆತ ತಿಳಿ ಬೂದು ಬಣ್ಣ. ಕಾರ್ಡಿನಲ್ಲಿ ಅದು ಮಳೆ ನಿಂತ ಮೇಲಿನ ಆಕಾಶದಂತಿತ್ತು. ಗೋಡೆಗೆ ಹೊಡೆಸುವ ಮುನ್ನ ಎರಡು ಅಡಿ ಉದ್ದ, ಎರಡು ಅಡಿ ಅಗಲದ ದಪ್ಪ ರಟ್ಟಿಗೆ ಎರಡು ಕೋಟ್ ಹಚ್ಚಿ, ಒಣಗಿಸಿ, ಗೋಡೆಯ ಬುಡದಲ್ಲಿ ಒರಗಿಸಿಟ್ಟೆ. ಹನ್ನೊಂದು ಗಂಟೆಗೆ ಬಿಸಿಲು ಕಿಟಕಿಯಿಂದ ನೆಲಕ್ಕೆ ಬಿದ್ದದ್ದೇ ತಡ, ರಟ್ಟಿನ ಕೆಳಭಾಗ ನೇರಳೆಗೆ ತಿರುಗಿತು. ಮೇಲ್ಭಾಗ ಮಾತ್ರ ಬೂದು ಬಣ್ಣದಲ್ಲೇ ಇತ್ತು. ಒಂದೇ ಡಬ್ಬಿಯ ಬಣ್ಣ, ಒಂದೇ ರಟ್ಟು.

ಅಪ್ಪನ ಬಿಳಿ ಪಂಚೆ ತಂದು ಬಿಸಿಲು ಬಿದ್ದಿದ್ದ ನೆಲದ ಮೇಲೆ ಹಾಸಿದೆ. ನೇರಳೆ ಮಾಯವಾಯಿತು. ಪಂಚೆ ಎಳೆದೆ, ಮತ್ತೆ ಬಂತು. ಅಮ್ಮ ಅಡುಗೆಮನೆಯಿಂದ ಬಂದು ನಿಂತು ಎರಡು ಸಲ ಹಾಸಿಸಿ, ತೆಗೆಸಿ ನೋಡಿದರು. ಕೆಂಪು ನೆಲಕ್ಕೆ ತಾಗಿದ ಬಿಸಿಲು ಕೆಂಪನ್ನು ಹೊತ್ತು ಗೋಡೆಗೆ ಚಿಮ್ಮುತ್ತದೆ. ನೀಲಿ ಬೆರೆತ ಬೂದು ಬಣ್ಣದ ಮೇಲೆ ಅದು ಕೂತರೆ ನೇರಳೆಯಾಗದೆ ಇನ್ನೇನಾಗಬೇಕು? ನಿಮ್ಮ ಮನೆಯಲ್ಲಿ ಕೆಂಪು ನೆಲವಿದ್ದರೆ ಈ ಪ್ರಯೋಗವನ್ನು ತಪ್ಪದೆ ಮಾಡಿ. ಹತ್ತು ನಿಮಿಷದ ಕೆಲಸ, ಹತ್ತು ಪುಟದ ಓದಿಗೆ ಸಮ.

ಬೂದು ಬಣ್ಣವನ್ನು ಕೈಬಿಟ್ಟೆವು. ಕೆಂಪನ್ನು ತುಸು ಹೀರಿಕೊಳ್ಳುವ, ಹಸಿರಿನ ಛಾಯೆಯ ಬಿಳುಪು ಬೇಕಿತ್ತು. ಎಳನೀರಿನ ಗಂಜಿಯನ್ನು ನೆನಪಿಸಿಕೊಳ್ಳಿ. ಸರಿಸುಮಾರು ಅದೇ ಬಣ್ಣ. ಕಾರ್ಡಿನಲ್ಲಿ ಅದು ಕಳೆಗುಂದಿದಂತೆ ಕಾಣುತ್ತಿತ್ತು, ಅಂಗಡಿಯಲ್ಲಿ ಯಾರೂ ಅದರತ್ತ ಎರಡನೆಯ ಸಲ ನೋಡಲಾರರು. ನಮ್ಮ ಪಡಸಾಲೆಯಲ್ಲಿ ಮಾತ್ರ ಅದು ನೆಲದ ಕೆಂಪನ್ನು ಸಮಾಧಾನಪಡಿಸಿ ಶುದ್ಧ ಬಿಳಿಯಂತೆ ನಿಂತಿತು. ಬಿಳಿ ಎಂಬುದು ಒಂದೇ ಬಣ್ಣವಲ್ಲ ಎಂದು ಪಾಠದಲ್ಲಿ ಓದಿದ್ದು ಅಂದು ಮನವರಿಕೆಯಾಯಿತು. ಹಾಲು, ಮಜ್ಜಿಗೆ, ಮಲ್ಲಿಗೆ, ಸುಣ್ಣ, ಇವನ್ನು ಸಾಲಾಗಿ ಇಟ್ಟರೆ ಪ್ರತಿಯೊಂದೂ ಬೇರೆ. ಬಿಳಿಯ ಎರಡು ಕಾರ್ಡ್‌ಗಳ ನಡುವೆ ತಾಳೆ ನೋಡುವಾಗ ಖಾಲಿ ಹಾಳೆಯೊಂದನ್ನು ಪಕ್ಕದಲ್ಲಿಡಿ, ಯಾವುದರಲ್ಲಿ ಹಳದಿ ಅಡಗಿದೆ, ಯಾವುದರಲ್ಲಿ ನೀಲಿ ಅಡಗಿದೆ ಎಂಬುದು ತಟ್ಟನೆ ಹೊರಬೀಳುತ್ತದೆ.

ಪಕ್ಕದ ಬಣ್ಣ ನಮ್ಮ ಕಣ್ಣನ್ನು ಬದಲಿಸುವ ಇನ್ನೊಂದು ದಾರಿಯೂ ಇದೆ. ಅದರಲ್ಲಿ ಬೆಳಕು ಚಿಮ್ಮುವುದಿಲ್ಲ, ಕೆಲಸವೆಲ್ಲ ಕಣ್ಣಿನದೇ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯುಜೀನ್ ಶೆವ್ರಲ್ 1824ರಲ್ಲಿ ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆಶಾಲೆಯ ಬಣ್ಣಗಾರಿಕೆಯ ಮುಖ್ಯಸ್ಥನಾದ. ನೀಲಿ ಮತ್ತು ನೇರಳೆ ವಸ್ತ್ರಗಳ ನೆರಳಿಗೆ ಬಳಸುವ ಕಪ್ಪು ನೂಲಿನಲ್ಲಿ ಕಸುವಿಲ್ಲ ಎಂಬ ದೂರು ಅವನ ಮುಂದೆ ಬಂತು. ಪರೀಕ್ಷಿಸಿದಾಗ ಕಪ್ಪು ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದ ನೀಲಿ, ನೇರಳೆಗಳು ಅದನ್ನು ಮಂಕಾಗಿಸಿ ತೋರಿಸುತ್ತಿದ್ದವು. ಈ ಕುರಿತ ಅವನ ಗ್ರಂಥ 1839ರಲ್ಲಿ ಹೊರಬಂತು. ನಮಗೆ ಇದರಿಂದ ಸಿಗುವ ಪಾಠ ನೇರವಾಗಿದೆ: ಹೊಸ ಬಣ್ಣದ ಮಾದರಿಯನ್ನು ಹಳೆಯ ಗುಲಾಬಿ ಗೋಡೆಯ ನಡುವೆ ಹಚ್ಚಿ ನೋಡಿದರೆ ಅದು ಇರುವುದಕ್ಕಿಂತ ಹೆಚ್ಚು ಹಸಿರಾಗಿ ಕಾಣುತ್ತದೆ. ಆದ್ದರಿಂದ ರಟ್ಟಿಗೆ ಹಚ್ಚಿ, ಸುತ್ತ ನಾಲ್ಕು ಬೆರಳಗಲ ಬಿಳಿ ಅಂಚು ಬಿಡಿ. ರಟ್ಟಾದರೆ ಗೋಡೆಯಿಂದ ಗೋಡೆಗೆ, ಕೋಣೆಯಿಂದ ಕೋಣೆಗೆ ಒಯ್ದು ನೋಡಬಹುದು.

ನಮ್ಮ ಸೂರ್ಯ, ನಮ್ಮ ದೀಪ

ಉತ್ತರದ ಕಿಟಕಿಗೆ ಬಿಸಿಲು ಬರುವುದಿಲ್ಲ, ಆ ಬೆಳಕು ತಣ್ಣಗಿರುತ್ತದೆ, ಅಲ್ಲಿ ಬೆಚ್ಚಗಿನ ಬಣ್ಣ ಬಳಸಿ ಎಂದು ಬಹುತೇಕ ಪುಸ್ತಕಗಳಲ್ಲಿ ಬರೆದಿರುತ್ತದೆ. ಆ ನಿಯಮ ಹುಟ್ಟಿದ್ದು ಯುರೋಪಿನಂಥ ನಾಡುಗಳಲ್ಲಿ. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಗೆ ನಡುಹಗಲ ಸೂರ್ಯ ದಿಗಂತದಿಂದ ಸುಮಾರು 15 ಡಿಗ್ರಿ ಏರುತ್ತಾನೆ, ಮೈಸೂರಿನಲ್ಲಿ ಅದೇ ದಿನ 54 ಡಿಗ್ರಿ. ಇನ್ನೂ ಮುಖ್ಯವಾದ ಸಂಗತಿ, ಕರ್ನಾಟಕ ಪೂರ್ತಿಯಾಗಿ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ, ಅಂದರೆ ನಡುಹಗಲ ಸೂರ್ಯ ನೇರ ನೆತ್ತಿಯ ಮೇಲೆ ಬಂದು ನೆಟ್ಟ ಕೋಲಿಗೂ ನೆರಳು ಬೀಳದ ದಿನ ಬರುತ್ತದಲ್ಲವೇ? ಅಂದಿನಿಂದ ಆಗಸ್ಟ್ 18ರ ಸುಮಾರಿಗೆ ಬರುವ ಎರಡನೆಯ ಶೂನ್ಯ ನೆರಳಿನ ದಿನದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಮೈಸೂರಿಗೂ ಒಂದೆರಡು ದಿನದ ವ್ಯತ್ಯಾಸದಲ್ಲಿ ಇದೇ ಲೆಕ್ಕ. ಅಂದರೆ ಮೇ ತಿಂಗಳಲ್ಲಿ ನಮ್ಮ ಉತ್ತರದ ಕಿಟಕಿಗೂ ಬಿಸಿಲು ತಾಗುತ್ತದೆ. ಜೂನ್ ಬಳಿಕ ಮೋಡ ಅದನ್ನು ಮರೆಮಾಡುತ್ತದೆ, ಅಷ್ಟೆ.

ಪುಸ್ತಕ ಹೇಳಿತೆಂದು ನಮ್ಮ ಉತ್ತರದ ಕೋಣೆಗೆ ಕಣ್ಣು ಮುಚ್ಚಿಕೊಂಡು ಹಳದಿ ಹೊಡೆಸಿದ್ದರೆ ಬೇಸಿಗೆಯಲ್ಲಿ ಒಳಗೆ ಕೂರುವುದು ಕಷ್ಟವಾಗುತ್ತಿತ್ತು. ದಿಕ್ಕನ್ನು ಗುರುತಿಸಿ ಸುಮ್ಮನಾಗಬಾರದು. ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನಕ್ಕೆ, ಸಂಜೆ ಐದಕ್ಕೆ, ದೀಪ ಹಚ್ಚಿದ ಮೇಲೆ, ಹೀಗೆ ನಾಲ್ಕು ಹೊತ್ತು ಅದೇ ರಟ್ಟನ್ನು ನೋಡಿ ಬರೆದಿಡಬೇಕು.

ದೀಪದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬಲ್ಬಿನ ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿದ್ದರೆ ಹಳದಿ ಬೆಳಕು, 4000 ಎಂದರೆ ನಡುವಿನದು, 6500 ಎಂದರೆ ನೀಲಿ ಬೆರೆತ ಬಿಳಿ. ಸಿಆರ್‌ಐ ಎಂಬ ಇನ್ನೊಂದು ಸಂಖ್ಯೆ 100ರ ಹತ್ತಿರವಿದ್ದಷ್ಟೂ ಬಣ್ಣಗಳು ಸಹಜವಾಗಿ ಕಾಣುತ್ತವೆ. ಅಂಗಡಿಯ ದೀಪದಡಿ ಒಂದೇ ಎಂದು ಕಂಡ ಎರಡು ಬಣ್ಣಗಳು ಮನೆಯ ದೀಪದಡಿ ಬೇರೆಯಾಗಿ ಕಾಣುವುದೂ ಉಂಟು. ಮೊದಲು ಬಲ್ಬನ್ನು ನಿರ್ಧರಿಸಿ, ಆಮೇಲೆ ಬಣ್ಣ.

ಅಜ್ಜಿಯ ಕೋಣೆ

ಎಲ್ಲಕ್ಕಿಂತ ಹೆಚ್ಚು ಯೋಚಿಸಿದ್ದು ಈ ಕೋಣೆಗೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ; ನೀಲಿಗೂ ಹಸಿರಿಗೂ ಇರುವ ಸೂಕ್ಷ್ಮ ಭೇದ ಮಸುಕಾಗುತ್ತದೆ, ಓದಲು ಹೆಚ್ಚು ಬೆಳಕು ಬೇಕಾಗುತ್ತದೆ. ಮೊದಲು ಆ ಕೋಣೆಯಲ್ಲಿ ಗೋಡೆ ಬಿಳಿ, ಬಾಗಿಲಿನ ಚೌಕಟ್ಟು ಬಿಳಿ, ಸ್ವಿಚ್ ಬೋರ್ಡೂ ಬಿಳಿ.

"ರಾತ್ರಿ ಎದ್ದರೆ ಬಚ್ಚಲ ಬಾಗಿಲು ಎಲ್ಲಿದೆ ಎಂದು ಗೋಡೆ ತಡಕಬೇಕು ಮಗು" ಎಂದು ಅಜ್ಜಿ ಹೇಳಿದಾಗ, ಇಷ್ಟು ವರ್ಷ ಇದನ್ನು ಯಾರೂ ಕೇಳಲಿಲ್ಲವಲ್ಲ ಎಂದು ನನಗೆ ಸಂಕಟವಾಯಿತು.

ಗೋಡೆಗೆ ಕೆನೆ ಬಣ್ಣ ಹೊಡೆಸಿ, ಬಚ್ಚಲ ಬಾಗಿಲ ಚೌಕಟ್ಟಿಗೆ ಇಟ್ಟಿಗೆ ಕೆಂಪು ಕೊಟ್ಟೆವು. ಸ್ವಿಚ್ ಬೋರ್ಡಿನ ಸುತ್ತ ಅದೇ ಕೆಂಪಿನ ಎರಡು ಇಂಚಿನ ಪಟ್ಟಿ. ಇಲ್ಲಿ ಮುಖ್ಯವಾದದ್ದು ಮನ್ಸೆಲ್ಲನ ಎರಡನೆಯ ಅಳತೆ. ಎರಡು ಬೇರೆ ಬಣ್ಣಗಳಿದ್ದರೆ ಸಾಲದು, ಒಂದು ತಿಳಿ ಇನ್ನೊಂದು ಕಡು ಇರಬೇಕು. ಮೊಬೈಲಿನಲ್ಲಿ ಕೋಣೆಯ ಕಪ್ಪು ಬಿಳುಪು ಫೋಟೊ ತೆಗೆದು ನೋಡಿ. ಚೌಕಟ್ಟು ಗೋಡೆಯಲ್ಲಿ ಕರಗಿಹೋದರೆ ಆ ಜೋಡಿ ಮುದಿಗಣ್ಣಿಗೆ ಆಗದು. ಮಿಂಚುವ ಎನಾಮಲನ್ನು ಗೋಡೆಗೆ ಬಳಸಲಿಲ್ಲ, ಅದರ ಹೊಳಪು ಕಣ್ಣು ಕುಕ್ಕುತ್ತದೆ. ಆ ರಾತ್ರಿ ಅಜ್ಜಿ ದೀಪ ಹಚ್ಚದೆಯೇ ಬಾಗಿಲಿನವರೆಗೆ ನಡೆದು ಹೋಗಿ ಚೌಕಟ್ಟನ್ನು ಮುಟ್ಟಿದರು.

ಬಣ್ಣಕ್ಕೆ ಮೊದಲು ಗೋಡೆಯ ಆರೋಗ್ಯ

ಬಚ್ಚಲಿಗೆ ಅಂಟಿಕೊಂಡ ಗೋಡೆಯಲ್ಲಿ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು, ಬಿಳಿ ಉಪ್ಪು ಹೊರಬಂದಿತ್ತು. ಒಂದು ಚದರ ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಟ್ಟೆವು. ಹನಿಗಳು ಹಾಳೆಯ ಒಳಮೈಗೆ ಕೂತಿದ್ದವು, ಅಂದರೆ ನೀರು ಬರುತ್ತಿದ್ದುದು ಗೋಡೆಯಿಂದಲೇ. ಹೊರಮೈಗೆ ಕೂತಿದ್ದರೆ ಕೋಣೆಯ ಗಾಳಿಯ ತೇವ ಎಂದು ತಿಳಿಯಬೇಕಿತ್ತು. ಮೊದಲು ಪ್ಲಂಬರನ್ನು ಕರೆಸಿ ಸೋರುವ ಪೈಪನ್ನು ಸರಿಪಡಿಸಿದೆವು. "ಅಮ್ಮಾ, ಗೋಡೆ ಒಣಗಲು ಬಿಡಿ, ಅವಸರ ಮಾಡಿದರೆ ಪುಟ್ಟಿ ಸಮೇತ ಉದುರುತ್ತದೆ" ಎಂದು ಪೇಂಟರ್ ಅಮ್ಮನಿಗೆ ಹೇಳಿದ್ದು ಸರಿಯಾದ ಮಾತು. ಆ ಒಂದು ಗೋಡೆಗೆ ಮೂರು ವಾರ ಕಾದೆವು.

ಹಳೆಯ ಡಿಸ್ಟೆಂಪರಿನ ಗೋಡೆಯಾದರೆ ಅಂಗೈಯಿಂದ ಒಮ್ಮೆ ಒರೆಸಿ. ಕೈಗೆ ಪುಡಿ ಹತ್ತಿದರೆ ಅದನ್ನು ಕೆರೆದು ತೆಗೆಯಲೇಬೇಕು, ಪುಡಿಯ ಮೇಲೆ ನೀರಿನಲ್ಲಿ ಬೆರೆಸುವ ಎಮಲ್ಷನ್ ಬಣ್ಣ ನಿಲ್ಲುವುದಿಲ್ಲ. ಗಾರೆಯ ಗೋಡೆಗೆ ಸುಣ್ಣವೇ ಒಳ್ಳೆಯ ಜೊತೆ: ನೀರಿನಲ್ಲಿ ಅರಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ, ಗೋಡೆಯ ತೇವ ಹೊರಹೋಗಲು ದಾರಿಯನ್ನೂ ಬಿಡುತ್ತದೆ.

ಹಳೆಯ ಕಿಟಕಿ ಸರಳುಗಳ ವಿಷಯದಲ್ಲಿ ದಯವಿಟ್ಟು ಎಚ್ಚರವಿರಲಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ ರೂಪುಗೊಂಡದ್ದು 2016ರಲ್ಲಿ. ಅದಕ್ಕೂ ಹಿಂದಿನ ಎನಾಮಲಿನಲ್ಲಿ ಸೀಸ ಹೆಚ್ಚೇ ಇರಬಹುದು. ಅಂಥ ಸರಳನ್ನು ಒಣ ಉಪ್ಪುಕಾಗದದಿಂದ ಉಜ್ಜಿದರೆ ಧೂಳು ಮಕ್ಕಳ ಉಸಿರಿಗೂ ಬಾಯಿಗೂ ಹೋಗುತ್ತದೆ. ನೀರು ಹಚ್ಚಿ ಉಜ್ಜಬೇಕು, ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಬೇಕು, ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಎಷ್ಟು ಲೀಟರ್?

ಲೆಕ್ಕ ಸುಲಭ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಸುತ್ತಳತೆ 44 ಅಡಿ, ಗೋಡೆಗಳು 440 ಚದರ ಅಡಿ. ಒಂದು ಬಾಗಿಲಿಗೆ 21, ಎರಡು ಕಿಟಕಿಗೆ 32 ಕಳೆದರೆ 387 ಉಳಿಯುತ್ತದೆ. ಎರಡು ಕೋಟ್ ಹೊಡೆಯಲು ಲೀಟರಿಗೆ 60 ಚದರ ಅಡಿ ಎಂದು ಹಿಡಿದರೆ ಸುಮಾರು ಆರೂವರೆ ಲೀಟರ್. ನಿಮ್ಮ ಡಬ್ಬಿಯ ಮೇಲೆ ಬೇರೆ ಅಳತೆ ಬರೆದಿದ್ದರೆ ಅದನ್ನೇ ಹಿಡಿಯಿರಿ. ಒಂದೇ ಕೋಣೆಗೆ ಎರಡು ಮೂರು ಡಬ್ಬಿ ಬೇಕಾದಾಗ ಎಲ್ಲವನ್ನೂ ದೊಡ್ಡ ಬಕೆಟ್ಟಿನಲ್ಲಿ ಬೆರೆಸಿಕೊಂಡೇ ಶುರುಮಾಡಿ, ಡಬ್ಬಿಯಿಂದ ಡಬ್ಬಿಗೆ ತುಸು ಛಾಯೆ ಬದಲಾದರೂ ಗೋಡೆಯ ನಡುವೆ ಗೆರೆ ಬೀಳುವುದಿಲ್ಲ.

ಹೊಳಪಿನ ಬಗ್ಗೆ ಎರಡೇ ಮಾತು. ಮ್ಯಾಟ್ ಬಣ್ಣ ಗೋಡೆಯ ಏರುತಗ್ಗನ್ನು ಮುಚ್ಚುತ್ತದೆ, ಪಡಸಾಲೆಗೂ ಚಾವಣಿಗೂ ಸೂಕ್ತ. ಒಗ್ಗರಣೆಯ ಎಣ್ಣೆ ಸಿಡಿಯುವ ಅಡುಗೆಮನೆಗೆ ಒರೆಸಿದರೆ ಹೋಗುವ, ಸ್ವಲ್ಪ ಹೊಳಪಿರುವ ಬಣ್ಣವೇ ಬೇಕು.

ಉಳಿದ ಬಣ್ಣವನ್ನು ಉಪ್ಪಿನಕಾಯಿ ಮುಗಿದ ಗಾಜಿನ ಬಾಟಲಿಗೆ ಸುರಿದು, ಬಿಗಿಯಾಗಿ ಮುಚ್ಚಿ, ಕೋಣೆಯ ಹೆಸರು, ಶೇಡ್ ಸಂಖ್ಯೆ, ಹೊಡೆಸಿದ ತಿಂಗಳು ಬರೆದು ಅಂಟಿಸಿದ್ದೇನೆ. ಮಕ್ಕಳ ಕೈಗೆ ಸಿಗದಂತೆ ನಾಲ್ಕು ಬಾಟಲಿಗಳು ಅಟ್ಟದ ಮೇಲಿವೆ. ನೇರಳೆಗೆ ತಿರುಗಿದ ಆ ರಟ್ಟನ್ನೂ ಅಲ್ಲೇ ಇಟ್ಟಿದ್ದೇನೆ, ಮುಂದಿನ ತರಗತಿಗೆ ತರುತ್ತೇನೆ. ಕೆಂಪು ಬಟ್ಟೆಯೊಂದನ್ನು ನೀವು ತನ್ನಿ, ಕಿಟಕಿಯ ಬಳಿ ಹಾಸಿ ಒಟ್ಟಿಗೆ ನೋಡೋಣ.