ತೂಕ ಕೇಳಬೇಡಿ, ಉದ್ದ ಅಳೆಯಿರಿ

ಅಮೆರಿಕದಲ್ಲಿ ಕಯೋಟಿ ಬೇಟೆಗೆ ಹೋಗುವವರಲ್ಲಿ ಹಲವರು ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಒಮ್ಮೆ ಸಿಡಿದ ಹಿತ್ತಾಳೆ ಕೇಸಿಗೆ ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ), ತೂಗಿ ಸುರಿದ ಮದ್ದು, ಮೇಲೊಂದು ಗುಂಡು. ಕಯೋಟಿ ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಸಣ್ಣದು. ಅದಕ್ಕೆ ಯಾವ ಗುಂಡು ಸರಿ ಎಂದು ಕೇಳಿದರೆ ಸಾಕು, ಗ್ರೇನ್ ಲೆಕ್ಕ ಶುರು: 40 ಗ್ರೇನೋ, 55 ಗ್ರೇನೋ? ಅಂದರೆ 2.6 ಗ್ರಾಮೋ, 3.6 ಗ್ರಾಮೋ. ‘ಭಾರದ ಗುಂಡಿಗೆ ಬಿಗಿ ಸುರುಳಿಯ ನಳಿಗೆ ಬೇಕು’ ಎಂಬ ಮಾತಂತೂ ಅವರಿಗೆ ವೇದವಾಕ್ಯ. ಅದು ಅರ್ಧ ಸತ್ಯ. ನಿಜವಾಗಿ ಲೆಕ್ಕಕ್ಕೆ ಬರುವುದು ಗುಂಡಿನ ಉದ್ದ.

ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಗಿ ಕೊರೆದ ತೋಡುಗಳಿರುತ್ತವೆ; ಗುಂಡು ತಿರುಗುವುದು ಇವುಗಳಿಂದಲೇ. ಕಯೋಟಿ ಬೇಟೆಗಾರರ ಅಚ್ಚುಮೆಚ್ಚಿನ .22-250 (ಇದು ತೋಟಾದ ಹೆಸರು) ರೈಫಲ್‌ಗಳಲ್ಲಿ ವಾಡಿಕೆಯಂತೆ 14 ಇಂಚಿಗೆ ಒಂದು ಸುತ್ತು. ಇಂಚು ಕಡಿಮೆಯಾದಷ್ಟೂ ಸುರುಳಿ ಬಿಗಿ. ಸೆಕೆಂಡಿಗೆ 1,120 ಮೀಟರ್ ವೇಗದಲ್ಲಿ ಹೊರಬಿದ್ದ ಗುಂಡು ನಿಮಿಷಕ್ಕೆ ಸುಮಾರು 1,89,000 ಬಾರಿ ಗಿರಗಿರನೆ ತಿರುಗುತ್ತಿರುತ್ತದೆ!

ಇಷ್ಟೊಂದು ತಿರುಗಾಟ ಯಾಕೆ? ಚೂಪು ಮೂತಿಯ ಗುಂಡಿನ ಭಾರವೆಲ್ಲ ಹಿಂಭಾಗದಲ್ಲಿ. ಗಾಳಿಯ ಒತ್ತಡ ಬೀಳುವುದು ಅದಕ್ಕಿಂತ ಮುಂದೆ, ಮೂತಿಯ ಕಡೆ. ಹಾಗಾಗಿ ಮೂತಿ ಕೂದಲೆಳೆಯಷ್ಟು ಓರೆಯಾದರೂ ಗಾಳಿ ಅದನ್ನು ಇನ್ನಷ್ಟು ಓರೆ ಮಾಡಿ ಲಾಗ ಹಾಕಿಸಲು ನೋಡುತ್ತದೆ. ತಿರುಗುತ್ತಿರುವ ಗುಂಡು ಮಾತ್ರ ಬುಗುರಿಯ ಹಾಗೆ: ದೂಡಿದರೆ ಬೀಳುವುದಿಲ್ಲ, ದೂಡಿದ ದಿಕ್ಕಿಗೆ ಅಡ್ಡಲಾಗಿ ವಾಲಿ ತನ್ನ ಮೂತಿಯಿಂದ ಪುಟ್ಟ ವೃತ್ತ ಬರೆಯುತ್ತ ಮುಂದೆ ಸಾಗುತ್ತದೆ. ಗುಂಡು ಉದ್ದವಾದಷ್ಟೂ ಗಾಳಿಗೆ ಸಿಗುವ ಸನ್ನೆಗೋಲು ಉದ್ದವಾಗುತ್ತದೆ, ಅದನ್ನು ತಡೆಯಲು ಸುತ್ತೂ ಹೆಚ್ಚು ಬೇಕಾಗುತ್ತದೆ.

ಲಂಡನ್ನಿನ ವುಲಿಚ್‌ನಲ್ಲಿ ಫಿರಂಗಿ ಅಧಿಕಾರಿಗಳಿಗೆ ಗಣಿತ ಕಲಿಸುತ್ತಿದ್ದ ಆಲ್ಫ್ರೆಡ್ ಗ್ರೀನ್‌ಹಿಲ್ 1879ರಲ್ಲಿ ಇದನ್ನು ಒಂದು ಸಾಲಿಗೆ ಇಳಿಸಿದರು. ಗುಂಡಿನ ಉದ್ದ ಅದರ ವ್ಯಾಸದ ಎಷ್ಟು ಪಟ್ಟು ಎಂದು ನೋಡಿ, 150ನ್ನು ಅದರಿಂದ ಭಾಗಿಸಿ. ಅಷ್ಟು ವ್ಯಾಸಗಳ ದೂರದಲ್ಲಿ ಒಂದು ಸುತ್ತು ಮುಗಿಯಬೇಕು. ಮೂರು ಪಟ್ಟು ಉದ್ದವಿದ್ದರೆ 50, ನಾಲ್ಕು ಪಟ್ಟಾದರೆ 37.5. ಒರಟು ಲೆಕ್ಕವೇ, ಆದರೂ ಇಂದಿಗೂ ಬಳಕೆಯಲ್ಲಿದೆ. ಇದರಲ್ಲಿ ಕಾಣದ ಒಂದು ಅಂಶ ಗಾಳಿಯ ಸಾಂದ್ರತೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಸೇನೆ ಎಂ16 ರೈಫಲನ್ನು ಕೊರೆಯುವ ಚಳಿಯಲ್ಲಿ ಪರೀಕ್ಷಿಸಿದಾಗ, ದಟ್ಟ ಗಾಳಿಯಲ್ಲಿ ಗುಂಡುಗಳು ಓಲಾಡಿದವು. 14 ಇಂಚಿನ ಸುರುಳಿಯನ್ನು 12ಕ್ಕೆ ಬಿಗಿ ಮಾಡಬೇಕಾಯಿತು.

ಈ ಹಳೇ ಗಣಿತ ಈಗ ಮತ್ತೆ ಮುನ್ನೆಲೆಗೆ ಬಂದಿರುವುದು ಒಂದು ರಣಹದ್ದಿನ ದೆಸೆಯಿಂದ. ಕ್ಯಾಲಿಫೋರ್ನಿಯಾ ಕಾಂಡೋರ್ 1982ರಲ್ಲಿ ಜಗತ್ತಿನಲ್ಲೇ 22 ಉಳಿದಿತ್ತು. ಕಯೋಟಿಗೆ ಹೊಡೆಯುವ ತೆಳು ಕವಚದ ಸೀಸದ ಗುಂಡು ಮೈಯೊಳಗೆ ಚೂರುಚೂರಾಗುವಂತೆಯೇ ಮಾಡಿದ್ದು. ಬಯಲಲ್ಲಿ ಬಿಟ್ಟುಹೋದ ಕಳೇಬರ ತಿಂದ ಹದ್ದಿನ ಹೊಟ್ಟೆಗೆ ಆ ಸೀಸವೂ ಸೇರುತ್ತದೆ. (ನಮ್ಮ ರಣಹದ್ದುಗಳನ್ನು ದನದ ಕಳೇಬರದಲ್ಲಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ ಮುಗಿಸಿದ್ದೂ ಇದೇ ದಾರಿಯಲ್ಲಿ.) 2019ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ವನ್ಯಜೀವಿಗಳ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ.

ಸೀಸದ ಜಾಗಕ್ಕೆ ತಾಮ್ರ ಬಂತು. ‘ತಾಮ್ರ ಸರಿಯಾಗಿ ಗುರಿಗೆ ಬೀಳುವುದಿಲ್ಲ’ ಎಂಬ ಗೊಣಗಾಟವೂ ಬಂತು. ತಪ್ಪು ಲೋಹದ್ದಲ್ಲ. ಘನ ಸೆಂಟಿಮೀಟರಿಗೆ ಸೀಸ 11.3 ಗ್ರಾಂ ತೂಗಿದರೆ ತಾಮ್ರ 9 ಗ್ರಾಂ ಕೂಡ ಇಲ್ಲ. ವ್ಯಾಸ ಬದಲಿಸುವಂತಿಲ್ಲ, ಹಾಗಾಗಿ ಅದೇ ತೂಕಕ್ಕೆ ತಾಮ್ರದ ಗುಂಡು ಉದ್ದವಾಗಲೇಬೇಕು. ಸಾಲದ್ದಕ್ಕೆ, ಹಗುರ ಲೋಹಕ್ಕೆ ಅದೇ ಉದ್ದದಲ್ಲೂ ತುಸು ಬಿಗಿ ಸುರುಳಿ ಬೇಕು. 14 ಇಂಚಿನ ಹಳೇ ನಳಿಗೆಗೆ 55 ಗ್ರೇನ್ ತಾಮ್ರ ತುಂಬಿ ಬೈಯುವ ಬದಲು 40ರ ಆಸುಪಾಸಿಗೆ ಇಳಿದರೆ ಉದ್ದ ತಾನಾಗಿ ಹತೋಟಿಗೆ ಬರುತ್ತದೆ. ಹಗುರ ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ, ಅಡ್ಡಗಾಳಿಗೂ ಹೆಚ್ಚು ಸರಿಯುತ್ತದೆ ಎನ್ನುವುದು ನಿಜ. ಆದರೆ ಪ್ರಾಣಿಯ ದನಿಯಲ್ಲಿ ಕೂಗಿ ಹತ್ತಿರ ಕರೆಸಿಕೊಂಡ ಕಯೋಟಿಯ ದೂರಕ್ಕೆ ಅದು ದೊಡ್ಡ ನಷ್ಟವಲ್ಲ.

ನಳಿಗೆಯ ಸುರುಳಿ ಎಷ್ಟೆಂದು ತಿಳಿಯಲು ತಜ್ಞರೇನೂ ಬೇಡ. ಖಾಲಿ ರೈಫಲ್‌ನೊಳಗೆ ಸಲೀಸಾಗಿ ತಿರುಗುವ ಹಿಡಿಯ ಕಡ್ಡಿಗೆ ಬಟ್ಟೆ ಬಿಗಿಯಾಗಿ ಸುತ್ತಿ ತಳ್ಳಬೇಕು. ಕಡ್ಡಿ ಒಂದು ಪೂರ್ತಿ ಸುತ್ತು ತಿರುಗುವಷ್ಟರಲ್ಲಿ ಎಷ್ಟು ಇಂಚು ಒಳಗೆ ಹೋಯಿತೋ ಅದೇ ಉತ್ತರ. ಆಮೇಲೆ ಗುರಿಹಲಗೆಯ ಕಾಗದ ನೋಡಬೇಕು. ತೂತು ದುಂಡಗಿದ್ದರೆ ಸರಿ. ಉದ್ದುದ್ದ ಹರಿದಿದ್ದರೆ ಗುಂಡು ಅಡ್ಡಡ್ಡ ಬಂದು ಬಿದ್ದಿದೆ, ಇನ್ನಷ್ಟು ಗಿಡ್ಡದನ್ನು ಹುಡುಕಬೇಕು.